ಉತ್ತರಿಸುವ ಮೊದಲೇ ಮುಂದೆ ಸಾಗುವ ಸಿ ಪ್ರೋಗ್ರಾಂ

‘ಎಷ್ಟು ದಾಖಲೆಗಳನ್ನು ಅಳಿಸಬೇಕು?’ ಎಂದು ಪ್ರೋಗ್ರಾಂ ಕೇಳುತ್ತದೆ. ಬಳಕೆದಾರರು 5 ಎಂದು ಟೈಪಿಸಿ ಎಂಟರ್ ಕೀಲಿಯನ್ನು ಒತ್ತುತ್ತಾರೆ. ‘ಖಚಿತವೇ? ವೈ ಅಥವಾ ಎನ್ ಒತ್ತಿ’ ಎಂಬ ಮುಂದಿನ ಪ್ರಶ್ನೆ ತೆರೆಯ ಮೇಲೆ ಮೂಡುತ್ತದೆ. ಆದರೆ ಪ್ರೋಗ್ರಾಂ ಉತ್ತರಕ್ಕೆ ಕಾಯುವುದೇ ಇಲ್ಲ. ‘ಎನ್’ ಹೊರತು ಉಳಿದೆಲ್ಲವನ್ನೂ ಸಮ್ಮತಿಯೆಂದು ಭಾವಿಸುವಂತೆ ಅದನ್ನು ಬರೆದಿದ್ದರೆ ಐದೂ ದಾಖಲೆಗಳು ಹೋದಂತೆಯೇ.

ಸಿ ಭಾಷೆಯನ್ನು ಹೊಸದಾಗಿ ಕಲಿಯುವವರು ಇದನ್ನು ಕಂಪೈಲರ್‌ನ ದೋಷವೆಂದು ಶಂಕಿಸುವುದುಂಟು. ದೋಷ ಅಲ್ಲಿಲ್ಲ. ಎಂಟರ್ ಒತ್ತಿದಾಗ ಪ್ರೋಗ್ರಾಂಗೆ ತಲುಪುವುದೂ ಒಂದು ಅಕ್ಷರವೇ. ‘ನ್ಯೂಲೈನ್’ ಎಂಬ ಇದರ ಆಸ್ಕಿ ಸಂಖ್ಯೆ 10. ಅಂಕಿ 5 ಹಾಗೂ ಅದರ ಬೆನ್ನಿಗೆ ಈ ನ್ಯೂಲೈನ್ ಬಫರ್‌ನಲ್ಲಿ ಸರದಿ ನಿಲ್ಲುತ್ತವೆ. ‘ಪರ್ಸೆಂಟ್ ಡಿ’ ಸೂಚನೆ ಪಡೆದ ಸ್ಕ್ಯಾನ್‌ಎಫ್ ಅಂಕಿಯನ್ನು ಮಾತ್ರ ಎತ್ತಿಕೊಂಡು ನ್ಯೂಲೈನನ್ನು ಅಲ್ಲಿಯೇ ಬಿಡುತ್ತದೆ. ಮುಂದೆ ಬರುವ ‘ಪರ್ಸೆಂಟ್ ಸಿ’ ಯಾವ ಅಕ್ಷರವನ್ನೂ ಭೇದವೆಣಿಸದೆ ಸ್ವೀಕರಿಸುವಂಥದ್ದು. ಅದರ ಕೈಗೆ ಸಿಗುವುದು ಈ ಉಳಿಕೆಯೇ. ಸಂಖ್ಯೆಗಳನ್ನಷ್ಟೇ ಓದುವಾಗ ತೊಡಕು ಕಾಣದು. ಏಕೆಂದರೆ ‘ಪರ್ಸೆಂಟ್ ಡಿ’ ಎದುರಾಗುವ ಖಾಲಿ ಜಾಗ, ನ್ಯೂಲೈನ್‌ಗಳನ್ನು ತಾನೇ ದಾಟಿಕೊಳ್ಳುತ್ತದೆ.

ಸುಲಭ ಪರಿಹಾರವೆಂದರೆ, ಉದ್ಧರಣ ಚಿಹ್ನೆಯೊಳಗೆ ‘ಪರ್ಸೆಂಟ್ ಸಿ’ಯ ಮುಂಚೆ ಒಂದು ಖಾಲಿ ಜಾಗ ಬಿಡುವುದು. ಆಗ ಸ್ಕ್ಯಾನ್‌ಎಫ್ ಉಳಿಕೆಯನ್ನು ದಾಟಿ ನಿಜವಾದ ಉತ್ತರಕ್ಕಾಗಿ ಕಾಯುತ್ತದೆ. ಬಳಕೆದಾರರು ‘5 ಸಾಕು’ ಎಂದು ಬರೆದುಬಿಟ್ಟರೆ ಮಾತ್ರ ಈ ಉಪಾಯ ಸೋಲುತ್ತದೆ. ಅಂಥ ಸಂದರ್ಭಕ್ಕೆ, ನ್ಯೂಲೈನ್ ಅಥವಾ ಇನ್‌ಪುಟ್‌ನ ಅಂತ್ಯ ಸಿಗುವವರೆಗೆ ಗೆಟ್‌ಚಾರ್ ಮೂಲಕ ಅಕ್ಷರಗಳನ್ನು ಓದಿ ಕೈಬಿಡುವ ಲೂಪ್ ಬೇಕು. ಗೆಟ್‌ಚಾರ್ ನೀಡುವ ಬೆಲೆಯನ್ನು ಚಾರ್‌ನಲ್ಲಲ್ಲ, ಇಂಟ್ ಮಾದರಿಯ ಚರದಲ್ಲಿಡಬೇಕು; ಇಲ್ಲವಾದರೆ ಅಂತ್ಯದ ಸೂಚನೆ ಸರಿಯಾಗಿ ತಿಳಿಯದೇ ಹೋಗಬಹುದು.

ಎಸ್‌ಟಿಡಿಇನ್‌ಗೆ ಎಫ್‌ಫ್ಲಶ್ ಪ್ರಯೋಗಿಸುವ ರೂಢಿಯೂ ವ್ಯಾಪಕವಾಗಿದೆ. ಇದು ಸಲ್ಲದು. ಇನ್‌ಪುಟ್‌ನ ಮೇಲೆ ಎಫ್‌ಫ್ಲಶ್ ಏನು ಮಾಡಬೇಕೆಂಬುದನ್ನು ಸಿ ಭಾಷೆಯ ಮಾನಕ ನಿರ್ಧರಿಸಿಯೇ ಇಲ್ಲ. ಮೈಕ್ರೋಸಾಫ್ಟ್‌ನ ಹಳೆಯ ಕಂಪೈಲರ್‌ಗಳಲ್ಲಿ ಅದು ಫಲಿಸುತ್ತಿತ್ತು. ವಿಷುಯಲ್ ಸ್ಟುಡಿಯೊ 2015ರಿಂದ ಅಲ್ಲಿಯೂ ನಿಂತಿತು.

ಪೂರ್ಣ ಸಾಲನ್ನೇ ಎಫ್‌ಗೆಟ್ಸ್ ಮೂಲಕ ಓದಿ, ಬಳಿಕ ಅದರಿಂದ ಸಂಖ್ಯೆಯನ್ನು ಬೇರ್ಪಡಿಸುವುದು ಇವೆಲ್ಲಕ್ಕಿಂತ ಭದ್ರವಾದ ಮಾರ್ಗ. ಗೆಟ್ಸ್ ಅನ್ನು ಮಾತ್ರ ಬಳಸಕೂಡದು. ಅದಕ್ಕೆ ಮಿತಿಯ ಅರಿವಿಲ್ಲ. 1988ರ ಮೋರಿಸ್ ವರ್ಮ್ ನುಸುಳಿದ ದಾರಿಗಳಲ್ಲಿ ಅದೂ ಒಂದು, 2011ರ ಮಾನಕದಿಂದ ಅದನ್ನು ಕೈಬಿಡಲಾಗಿದೆ. ಎಫ್‌ಗೆಟ್ಸ್ ನ್ಯೂಲೈನನ್ನೂ ಸಾಲಿನೊಡನೆ ತರುತ್ತದೆಯಾದ್ದರಿಂದ ಹೆಸರು, ಊರು ಮುಂತಾದವನ್ನು ಹೋಲಿಸುವ ಮುನ್ನ ಅದನ್ನು ತೆಗೆದುಹಾಕತಕ್ಕದ್ದು.