ಚಾರ್ಮಾಡಿಯಲ್ಲಿ ಡೀಸೆಲ್ಲೂ ಕರೆಂಟೂ

ಕೊಟ್ಟಿಗೆಹಾರದ ಸರ್ಕಲ್ಲಿನಲ್ಲಿ ಬೆಳಿಗ್ಗೆ ಎಂಟಾದರೂ ಯಾರೂ ಹೆಡ್‌ಲೈಟ್ ಆರಿಸಿಲ್ಲ. ಮಂಜು ಹೋಟೆಲಿನ ಒಳಕ್ಕೂ ನುಗ್ಗಿದೆ. ನೀರುದೋಸೆಯ ಹಬೆ ಎಲ್ಲಿ ಮುಗಿಯಿತು, ಮಂಜು ಎಲ್ಲಿ ಶುರುವಾಯಿತು ಹೇಳುವಂತಿಲ್ಲ. ಹೊರಗೆ ಕೆಸರು ಮೆತ್ತಿದ ಎಸ್ಟೇಟ್ ಜೀಪು, ಧರ್ಮಸ್ಥಳದ ಬೋರ್ಡು ಹೊತ್ತ ಕೆಂಪು ಬಸ್ಸು, ನನ್ನ ಡೀಸೆಲ್ ಕಾರು ಸಾಲಾಗಿ ನಿಂತಿವೆ. ಜೀಪೂ ಬಸ್ಸೂ ಗುಡುಗುಡು ಅನ್ನುತ್ತಲೇ ಇವೆ. ಕೊನೆಯಲ್ಲಿ ಭಾವನ ಕರೆಂಟಿನ ಕಾರು, ಹಸಿರು ನಂಬರ್ ಪ್ಲೇಟಿನದು. ಅದು ಚಾಲೂ ಇದೆಯೋ ಇಲ್ಲವೋ ಹತ್ತಿರ ಹೋದರೂ ತಿಳಿಯದು.

ಜೀಪಿನ ಡ್ರೈವರ್ ಆ ಪ್ಲೇಟನ್ನೇ ನೋಡುತ್ತಾ ಕೇಳಿದ: "ಇದು ಘಾಟಿ ಹತ್ತುತ್ತಾ ಮಾರಾಯ್ರೆ?"

"ಹತ್ತೋದು ಆಮೇಲೆ. ಮೊದಲು ಇಳಿಯೋದು ನೋಡಿ," ಅಂದ ಭಾವ.

ಅವನ ಮಾತಿನಲ್ಲಿ ಹುರುಳಿತ್ತು. ಬೆಂಗಳೂರೇ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಹಾಸನ, ಬೇಲೂರು, ಮೂಡಿಗೆರೆ ದಾಟಿ ಬಂದವನಿಗೆ ಚಾರ್ಮಾಡಿ ಅಂದರೆ ಇಳಿಜಾರು; ಏರು ಕಾದಿರುವುದು ವಾಪಸ್ ಬರುವಾಗ. ಇನ್ನೂ ವಿಚಿತ್ರವೆಂದರೆ, ಭಾವನ ಬ್ಯಾಟರಿಯನ್ನು ಬೇಗ ಕರಗಿಸಿದ್ದು ನೆಲಮಂಗಲದಿಂದ ಹಾಸನದವರೆಗಿನ ಚತುಷ್ಪಥ. ಗಂಟೆಗೆ ನೂರರ ವೇಗದಲ್ಲಿ ಗಾಳಿಯನ್ನು ಸೀಳುವುದಕ್ಕೇ ಕರೆಂಟಿನ ದೊಡ್ಡ ಪಾಲು ಹೋಗುತ್ತದೆ. ಘಾಟಿಯಲ್ಲಿ ಮೂವತ್ತು ದಾಟಿದರೆ ಹೆಚ್ಚು. ಜನ ಹೆದರುವುದು ಮಾತ್ರ ಘಾಟಿಗೆ.

ರಾಷ್ಟ್ರೀಯ ಹೆದ್ದಾರಿ 73 ಇಲ್ಲಿಂದ ಕೆಳಗೆ ಹೊರಳುತ್ತದೆ. 2019ರ ಆಗಸ್ಟ್ ಮಳೆಗೆ ಗುಡ್ಡ ಜರಿದು ಮುಚ್ಚಿಹೋಗಿದ್ದ ದಾರಿ ಇದು. ಎಡಕ್ಕೆ ನೀರು ಸೋರುವ ಬಂಡೆ, ಬಲಕ್ಕೆ ಬಿಳಿ ಶೂನ್ಯ. ಮಂಜು ಒಂದು ಗಳಿಗೆ ಸರಿದರೆ ಪಾತಾಳದಲ್ಲಿ ಹಸಿರು ಕಾಣುತ್ತದೆ, ಮತ್ತೆ ಮುಚ್ಚುತ್ತದೆ.

ನಾನು ಭಾವನ ಪಕ್ಕ ಕೂತೆ, ನನ್ನ ಕಾರನ್ನು ತಂಗಿ ಹಿಂದೆ ತರುತ್ತಿದ್ದಳು. ಮೊದಲ ತಿರುವಿನಲ್ಲೇ ಗೊತ್ತಾಯಿತು, ಭಾವನ ಪಾದ ಬ್ರೇಕಿನ ಹತ್ತಿರ ಹೋಗುತ್ತಲೇ ಇಲ್ಲ. ಆಕ್ಸಿಲರೇಟರಿನಿಂದ ಕಾಲೆತ್ತಿದರೆ ಸಾಕು, ಯಾರೋ ಹಿಂದಿನಿಂದ ಹಿಡಿದೆಳೆದ ಹಾಗೆ ಕಾರು ತಾನೇ ನಿಧಾನವಾಗುತ್ತದೆ. ಚಕ್ರ ತಿರುಗಿಸುತ್ತಿದ್ದ ಮೋಟಾರು ಈಗ ಚಕ್ರದಿಂದ ತಿರುಗುತ್ತಾ ಡೈನಮೋ ಆಗಿ ಕರೆಂಟು ಹುಟ್ಟಿಸುತ್ತದೆ. ಕಿಟಕಿ ಇಳಿಸಿದೆ. ಜೀರುಂಡೆ, ತೊಟ್ಟಿಕ್ಕುವ ನೀರು, ಎಲ್ಲೋ ಒಂದು ಝರಿ. ಇಷ್ಟು ಸಲ ಓಡಾಡಿದ ಘಾಟಿಗೆ ಇಷ್ಟು ದನಿಗಳಿದ್ದವೇ ಅನ್ನಿಸಿತು. ರಸ್ತೆ ಬದಿಯ ಮಂಗಗಳಿಗೂ ನಾವು ಬಂದದ್ದು ತಿಳಿಯಲಿಲ್ಲ, ಹಾರನ್ ಹೊಡೆದ ಮೇಲೇ ಎದ್ದವು. ಸದ್ದಿಲ್ಲದಿರುವುದರ ಅಪಾಯವೂ ಇದೇ.

ಅಣ್ಣಪ್ಪಸ್ವಾಮಿ ಗುಡಿಯ ಬಳಿ ಎಲ್ಲರ ಹಾಗೆ ನಾವೂ ನಿಂತು ಕೈಮುಗಿದೆವು. ಅಲ್ಲಿ ನಿಂತಿದ್ದ ಒಂದು ಟೂರಿಸ್ಟ್ ವ್ಯಾನಿನ ಚಕ್ರಗಳಿಂದ ಸುಟ್ಟ ಲೈನರಿನ ವಾಸನೆ ಬರುತ್ತಿತ್ತು. ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಇಳಿಸುವ ಚಟ ನಮ್ಮವರಿಗೆ ಹೋಗುವುದಿಲ್ಲ. ಗೇರಿನಲ್ಲೇ ಇಳಿದರೆ ಈಗಿನ ಎಂಜಿನ್ನುಗಳು ಡೀಸೆಲ್ ಸುರಿಯುವುದನ್ನೇ ನಿಲ್ಲಿಸುತ್ತವೆ, ಉಳಿತಾಯವಾಗುವುದು ಹಾಗೆ. ತಂಗಿ ಎರಡನೇ ಗೇರಿನಲ್ಲಿ ಬಂದವಳು, ಅವಳ ಚಕ್ರ ತಣ್ಣಗಿತ್ತು. ಆದರೆ ಇಳಿದ ಅಷ್ಟೂ ಎತ್ತರ ಎಂಜಿನ್ನಿನ ಬಿಸಿಯಾಗಿ ಗಾಳಿಗೆ ಹೋಯಿತು. ಟ್ಯಾಂಕಿಗೆ ಒಂದು ಹನಿಯೂ ಮರಳುವುದಿಲ್ಲ.

ಹಿಂದಿನ ಸೀಟಿನಲ್ಲಿದ್ದ ಅಕ್ಕನ ಅಭಿಪ್ರಾಯ ಬೇರೆ. "ನಿಮ್ಮ ಕರೆಂಟ್ ಉಳಿತಾಯದಲ್ಲಿ ನನಗೆ ಹೊಟ್ಟೆ ತೊಳೆಸ್ತಿದೆ ಕಣ್ರೀ," ಎಂದು ನಿಂಬೆಹಣ್ಣು ಮೂಸುತ್ತಿದ್ದಳು. ಕಾಲೆತ್ತಿದಾಗಲೆಲ್ಲ ಕಾರು ಮುಗ್ಗರಿಸುವುದು ಸ್ಟೇರಿಂಗ್ ಹಿಡಿದವನಿಗೆ ಆಟ, ಹಿಂದೆ ಕೂತವರಿಗೆ ಸಂಕಟ. ಭಾವ ಆ ಹಿಡಿತವನ್ನು ಒಂದು ಮಟ್ಟ ಇಳಿಸಿದ ಮೇಲೆ ಅವಳು ಕಣ್ಣು ಬಿಟ್ಟಳು.

ಘಾಟಿಯ ಬುಡ ಮುಟ್ಟಿದಾಗ ಸೆಕೆ ಮುಖಕ್ಕೆ ಬಡಿಯಿತು. ಅಡಿಕೆ ತೋಟ, ಕೆಂಪು ಮಣ್ಣು. ಮೇಲೆ ಶೇ 58 ಇದ್ದ ಬ್ಯಾಟರಿ ಈಗ 60! ಹೆಚ್ಚಿಗೆ ಬಂದದ್ದು ಎರಡೇ ಅಂಕ, ಆದರೆ ಇಪ್ಪತ್ತಕ್ಕೂ ಹೆಚ್ಚು ಕಿಲೋಮೀಟರಿನ ದಾರಿಯೇ ಬಿಟ್ಟಿ.

ಸಾಲ ತೀರಿಸಿದ್ದು ಮರಳುವಾಗ. ಒಂದೂಮುಕ್ಕಾಲು ಟನ್ನಿನ ಕಾರನ್ನು 800 ಮೀಟರ್ ಮೇಲೆತ್ತಲು ಹೆಚ್ಚುಕಡಿಮೆ ನಾಲ್ಕು ಯೂನಿಟ್ ಬೇಕು, ಮನೆಯ ಕರೆಂಟ್ ಬಿಲ್ಲಿನ ಅದೇ ಯೂನಿಟ್. ಚಕ್ರದ ಉಜ್ಜಾಟ, ಸೋರಿಕೆ ಎಲ್ಲ ಸೇರಿ ಏಳು. 45 ಯೂನಿಟ್ಟಿನ ಬ್ಯಾಟರಿಯಲ್ಲಿ ಅದು ಶೇ 15ರಷ್ಟು. ಡೀಸೆಲ್ಲಾದರೆ ಎರಡು ಲೀಟರಿನ ಆಸುಪಾಸು. ಖರ್ಚಿಗಿಂತ ಹೆಚ್ಚಿನ ವ್ಯತ್ಯಾಸ ಹೇರ್‌ಪಿನ್ ತಿರುವಿನಲ್ಲಿದೆ. ಎದುರಿನ ಬಸ್ಸಿಗೆ ಜಾಗ ಬಿಟ್ಟು ನಿಂತು ಮತ್ತೆ ಹೊರಡುವಾಗ ಡೀಸೆಲ್ ಕಾರಿನ ಟರ್ಬೋ ಒಂದು ಕ್ಷಣ ಯೋಚಿಸುತ್ತದೆ, ಕ್ಲಚ್ ಒದ್ದಾಡುತ್ತದೆ, ನಂತರ ಗರ್ಜಿಸಿ ಏರುತ್ತದೆ. ಮೋಟಾರಿಗೆ ನಿಂತಲ್ಲೇ ಪೂರ್ತಿ ಬಲ. ಬೆಂಗಳೂರಿನಲ್ಲೇ ತಯಾರಾಗಿ 2001ರಲ್ಲಿ ರಸ್ತೆಗಿಳಿದ ಪುಟ್ಟ ಕರೆಂಟಿನ ಕಾರು ರೇವಾವನ್ನು ಇಲ್ಲಿಗೆ ತರುವ ಮಾತು ಯಾರ ಬಾಯಲ್ಲೂ ಬರುತ್ತಿರಲಿಲ್ಲ.

ಆದರೂ ನಾನು ನನ್ನ ಕಾರನ್ನು ಮಾರುವ ಯೋಚನೆಯಲ್ಲಿಲ್ಲ. ಆ ರಾತ್ರಿ ಮೂಡಿಗೆರೆ ಕಡೆಯ ಹೋಂಸ್ಟೇ ತಲುಪಿದಾಗ ಮಳೆ ಹಿಡಿದಿತ್ತು. ಭಾವ ಹದಿನೈದು ಆಂಪಿಯರ್ ಪ್ಲಗ್ ಕೇಳಿದ. ಮನೆಯವರು ಮೇಣದಬತ್ತಿ ಎತ್ತಿ ಅವನ ಮುಖ ನೋಡಿದರು: "ಲೈನಿನ ಮೇಲೆ ಮರ ಬಿದ್ದು ಎರಡು ದಿನ ಆಯ್ತು. ಮೊಬೈಲಿಗೇ ಗತಿ ಇಲ್ಲ, ಕಾರಿಗೆ ಎಲ್ಲಿಂದ ತರೋದು ಮಾರಾಯ್ರೆ?" ಕರೆಂಟು ಇದ್ದಿದ್ದರೂ ಆ ಪ್ಲಗ್ಗಿನಿಂದ ಬ್ಯಾಟರಿ ಪೂರ್ತಿ ತುಂಬಲು ಹದಿನೈದು ಗಂಟೆ ಬೇಕು. ಮಾರನೇ ದಿನ ಹಾಸನದ ಫಾಸ್ಟ್ ಚಾರ್ಜರ್ ಮುಟ್ಟುವವರೆಗೆ ಭಾವ ಎ.ಸಿ. ಹಾಕಲಿಲ್ಲ, ಹೆಚ್ಚು ಮಾತೂ ಆಡಲಿಲ್ಲ. ನಾನು ಬಂಕಿನಲ್ಲಿ ಐದು ನಿಮಿಷ ನಿಂತು ಹೊರಟಿದ್ದೆ.

ನನ್ನ ಲೆಕ್ಕ ಇಷ್ಟು: ಘಾಟಿಯಲ್ಲಿ ಕರೆಂಟಿನ ಕಾರೇ ಮೇಲು, ಇಳಿಯುವಾಗಂತೂ ಅದಕ್ಕೆ ಸಾಟಿಯಿಲ್ಲ. ಮಳೆಗಾಲದಲ್ಲಿ ತೋಟದ ನಡುವೆ ಬದುಕುವವರು ಮಾತ್ರ ಡೀಸೆಲ್ ಬಿಡುವ ಕಾಲ ಇನ್ನೂ ಬಂದಿಲ್ಲ. ಕರೆಂಟಿನ ಕಾರಿನವರು ಘಾಟಿಯ ನೆತ್ತಿಯಲ್ಲಿ ನೂರಕ್ಕೆ ನೂರು ತುಂಬಿಸಿಕೊಂಡು ಇಳಿಯಬೇಡಿ. ತುಂಬಿದ ಬ್ಯಾಟರಿ ಹೊಸ ಕರೆಂಟು ಹಿಡಿಸಿಕೊಳ್ಳದು, ಆಗ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ, 85ಕ್ಕೆ ನಿಲ್ಲಿಸಿ. ಡೀಸೆಲ್‌ನವರು ಎರಡನೇ ಗೇರು ಬಿಡಬೇಡಿ. ಕಾರು ಯಾವುದೇ ಇರಲಿ, ಏರಿ ಬರುವ ವಾಹನಕ್ಕೆ ಮೊದಲು ದಾರಿ ಕೊಡಿ.