ಒಕ್ಕಲು ಮನೆತನಗಳಲ್ಲಿ ಮಕ್ಕಳ ವೆಚ್ಚದ ನಿರ್ವಹಣೆ

ವ್ಯವಸಾಯಗಾರನ ಮುಖ್ಯ ಆದಾಯವು ವರ್ಷಕ್ಕೆ ಒಂದೆರಡು ಸಾರಿ, ಸುಗ್ಗಿಯ ಕಾಲದಲ್ಲಿ ಮಾತ್ರ ಕೈಸೇರುವುದು. ಮಕ್ಕಳ ವೆಚ್ಚವಾದರೋ ಪ್ರತಿನಿತ್ಯವೂ ಇರತಕ್ಕುದು. ಹಾಲು, ಬಟ್ಟೆ, ಔಷಧಿ, ಪುಸ್ತಕ ಇವು ಯಾವುವೂ ಸುಗ್ಗಿಯನ್ನು ಕಾಯುವುದಿಲ್ಲ. ವೆಚ್ಚದ ಭಾರದಂತೆಯೇ ಈ ಕಾಲವ್ಯತ್ಯಾಸವೂ ಅನೇಕ ಮನೆತನಗಳನ್ನು ಸಾಲಕ್ಕೆ ನೂಕುತ್ತದೆ.

ಮಳೆಯಾಶ್ರಯದ ಸೀಮೆಗಳಲ್ಲಿ ಜೂನ್ ತಿಂಗಳು ಬಹು ಬಿಗಿಯಾದುದು. ಮುಂಗಾರು ಬಿತ್ತನೆಗೆ ಬೀಜ, ಗೊಬ್ಬರ, ಕೂಲಿಗಳಿಗಾಗಿ ಹಣ ಬೇಕಾದಾಗಲೇ ಶಾಲೆಗಳೂ ಪ್ರಾರಂಭವಾಗುತ್ತವೆ. ಆಗ ನೂರಕ್ಕೆ ತಿಂಗಳಿಗೆ 3 ರೂಪಾಯಿ ಬಡ್ಡಿಯಂತೆ 10,000 ರೂಪಾಯಿ ಕೈಸಾಲ ತಂದವನು, ಒಕ್ಕಣೆ ಮುಗಿಯುವ ಡಿಸೆಂಬರಿನವರೆಗೆ ಆರು ತಿಂಗಳಿಗೆ 1,800 ರೂಪಾಯಿಗಳನ್ನು ಬಡ್ಡಿಯೆಂದೇ ತೆರಬೇಕಾಗುವುದು. ಸಾಲವು ಹೀಗೆಯೇ ಬೆಳೆದರೆ ಕಡೆಗೆ ಹಿರಿಯ ಮಗುವನ್ನು ಶಾಲೆ ಬಿಡಿಸುವ ದುರ್ದೆಸೆ ಒದಗುತ್ತದೆ.

ದಿನದ ವೆಚ್ಚಕ್ಕೆ ದಿನದ ಆದಾಯ

ಹಾಲು, ಮೊಟ್ಟೆ, ಸೊಪ್ಪು ಇವುಗಳಿಂದ ಬರುವ ಹಣವನ್ನು ಮಕ್ಕಳ ನಿತ್ಯದ ವೆಚ್ಚಕ್ಕೆ ಮೀಸಲಿಡುವುದು ಉತ್ತಮ. ಆದರೆ ಹಾಲನ್ನೆಲ್ಲ ಡೈರಿಗೆ ಹಾಕಿ ಮಕ್ಕಳಿಗೆ ಬರಿಯ ಚಹವನ್ನು ಕೊಡುವುದು ಉಳಿತಾಯವಲ್ಲ. ಮನೆಯ ಪಾಲನ್ನು ತೆಗೆದಿಟ್ಟು ಮಿಕ್ಕುದನ್ನು ಮಾರತಕ್ಕುದು. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಮಿಗೂ ಹೆಚ್ಚು ಸುಣ್ಣದ ಅಂಶವಿದೆ; ಪಾಲಿಷ್ ಮಾಡಿದ ಅಕ್ಕಿಯಲ್ಲಿ ಸುಮಾರು 10 ಮಾತ್ರ. ಮನೆಯ ರಾಗಿಯನ್ನೆಲ್ಲ ಮಾರಿ ಅಕ್ಕಿಯನ್ನೇ ಉಣ್ಣುವುದು ಬೆಳೆಯುವ ಎಲುಬಿಗೆ ನಷ್ಟ. ಬಚ್ಚಲ ನೀರು ಹರಿಯುವೆಡೆ ನುಗ್ಗೆ, ಪರಂಗಿ, ಬಸಳೆಗಳನ್ನು ಬೆಳೆದರೆ ಕಾಸಿಲ್ಲದೆ ಸಾರಿಗೆ ಸೊಪ್ಪೂ ಮಕ್ಕಳಿಗೆ ಹಣ್ಣೂ ದೊರೆಯುವುವು.

ಸಣ್ಣ ವೆಚ್ಚವನ್ನು ಅಲ್ಪವೆಂದು ಎಣಿಸಕೂಡದು. ಇಬ್ಬರು ಮಕ್ಕಳಿಗೆ ಅಂಗಡಿಯ ಪೊಟ್ಟಣದ ತಿಂಡಿಗೆಂದು ತಲಾ 10 ರೂಪಾಯಿ ಕೊಟ್ಟರೂ ವರ್ಷಕ್ಕೆ 7,300 ರೂಪಾಯಿಗಳಾಗುತ್ತವೆ. ಮನೆಯ ಕಡಲೆಕಾಯಿಯನ್ನು ಹುರಿದು ಬೆಲ್ಲದೊಡನೆ ಕೊಟ್ಟರೆ ಮೈಗೂ ಒಳಿತು. ಉಳಿದ ಹಣವು ಜೂನ್ ತಿಂಗಳಿಗೆ ಒದಗುವುದು.

ವರ್ಷದ ವೆಚ್ಚಕ್ಕೆ ಸುಗ್ಗಿಯ ಹಣ

ಫಸಲನ್ನು ಮಾರಿದ ದಿನವೇ, ಹಬ್ಬ ಮದುವೆಗಳ ಖರ್ಚಿಗೆ ಮುಂಚೆ, ಮುಂದಿನ ಜೂನ್‌ನ ಶಾಲಾ ವೆಚ್ಚವನ್ನು ಅಂಚೆ ಕಚೇರಿಯಲ್ಲಾಗಲಿ ಸಹಕಾರ ಸಂಘದಲ್ಲಾಗಲಿ ಇಡತಕ್ಕುದು. ಹತ್ತು ವರ್ಷ ತುಂಬದ ಹೆಣ್ಣುಮಗುವಿದ್ದರೆ, 2015ರಲ್ಲಿ ಆರಂಭವಾದ ಸುಕನ್ಯಾ ಸಮೃದ್ಧಿ ಖಾತೆಯನ್ನು ತೆರೆಯಬಹುದು. ವರ್ಷಕ್ಕೆ ಕನಿಷ್ಠ 250 ರೂಪಾಯಿಯಂತೆ 15 ವರ್ಷ ಕಟ್ಟಬೇಕು. ಮಗಳಿಗೆ 18 ತುಂಬಿದ ಮೇಲೆ ಉಚ್ಚ ವ್ಯಾಸಂಗಕ್ಕಾಗಿ ಅರ್ಧದವರೆಗೆ ತೆಗೆಯಲು ಅವಕಾಶವುಂಟು.

ಸರ್ಕಾರದ ಸೌಲಭ್ಯಗಳು

ದೊರೆಯುವುದನ್ನು ಬಿಟ್ಟು ಸಾಲಕ್ಕೆ ಕೈಚಾಚುವುದು ವಿವೇಕವಲ್ಲ. 2009ರ ಶಿಕ್ಷಣ ಹಕ್ಕಿನ ಕಾಯಿದೆಯ ಮೇರೆಗೆ 6ರಿಂದ 14 ವರ್ಷದ ಮಕ್ಕಳಿಗೆ ವಿದ್ಯಾಭ್ಯಾಸವು ಉಚಿತ. ಸರ್ಕಾರಿ ಶಾಲೆಗಳಲ್ಲಿ ಪಠ್ಯಪುಸ್ತಕ, ಸಮವಸ್ತ್ರ, ಮಧ್ಯಾಹ್ನದ ಊಟಗಳುಂಟು. ಹಾಲು ಕೊಡುವ ಕ್ಷೀರಭಾಗ್ಯವು 2013ರಲ್ಲಿ ಮೊದಲಾಯಿತು. ಆರು ವರ್ಷದೊಳಗಿನ ಮಕ್ಕಳಿಗೆ ಅಂಗನವಾಡಿಯಲ್ಲಿ ಪೂರಕ ಆಹಾರವೂ, ಅದರ ಮೂಲಕ ಚುಚ್ಚುಮದ್ದಿನ ಏರ್ಪಾಡೂ ಇವೆ.

ಗ್ರಾಮದ ಹಿರಿಯರ ಕರ್ತವ್ಯ

ಗ್ರಾಮದ ಮುಖ್ಯಸ್ಥರೂ ಜಮೀನುದಾರರೂ ತಮ್ಮ ಮನೆಯ ಲೆಕ್ಕದೊಡನೆ ಆಳುಗಳ ಮನೆಯನ್ನೂ ಗಮನಿಸಬೇಕಾಗಿದೆ. ಕೂಲಿಯನ್ನು ಬಾಕಿ ನಿಲ್ಲಿಸದೆ ವಾರವಾರವೂ ಬಟವಾಡೆ ಮಾಡಿದರೆ ಆ ಮಕ್ಕಳ ಅನ್ನಕ್ಕೆ ಅಡ್ಡಿ ಬಾರದು. ಹತ್ತಿ ಬಿಡಿಸುವ, ಕಳೆ ಕೀಳುವ ಕಾಲಗಳಲ್ಲಿ ಚಿಕ್ಕವರನ್ನು ಕೂಲಿಗೆ ಕರೆಯಲಾಗದು; 14 ವರ್ಷದೊಳಗಿನವರನ್ನು ಹೀಗೆ ದುಡಿಸುವುದನ್ನು 2016ರ ತಿದ್ದುಪಡಿಯು ನಿಷೇಧಿಸಿದೆ.

ಬಿತ್ತನೆಗೆ ಬೀಜವನ್ನು ತೆಗೆದಿಡದ ರೈತನಿಲ್ಲ. ಹಸಿವೆಯಾದರೂ ಆ ಚೀಲವನ್ನು ಬಿಚ್ಚುವುದಿಲ್ಲ. ಮಕ್ಕಳ ಶಾಲೆಯ ಹಣವನ್ನೂ ಅದೇ ನಿಷ್ಠೆಯಿಂದ ಬೇರೆ ಇಟ್ಟರೆ, ಮುಂದಿನ ಮುಂಗಾರಿನಲ್ಲಿ ಸಾಹುಕಾರನ ಬಾಗಿಲಿಗೆ ಹೋಗುವ ಪ್ರಮೇಯವು ಬಹುಮಟ್ಟಿಗೆ ತಪ್ಪುವುದು.