ಹುಲ್ಲಿಗೆ ತಕ್ಕಷ್ಟೇ ಹಸು

ಎರಡು ಹಸು ಕಟ್ಟಿಕೊಂಡರೆ ಸಂಸಾರ ನಡೆದುಹೋಗುತ್ತದೆ ಎನ್ನುವವರು ಬಹಳ ಮಂದಿ. ಚನ್ನರಾಯಪಟ್ಟಣ ಸೀಮೆಯ ನಮ್ಮ ಹಳ್ಳಿಯಲ್ಲಿ ಹದಿನಾರು ವರ್ಷದಿಂದ ಎರಡು ಸೀಮೆಹಸು ಸಾಕುತ್ತಿರುವ ನನಗೆ ಈ ಮಾತು ಅರ್ಧ ನಿಜ ಅನಿಸುತ್ತದೆ. ಉಳಿದರ್ಧವನ್ನು ಹಸು ಕಟ್ಟಬೇಕೆಂದಿರುವವರಿಗೂ, ಪ್ಯಾಕೆಟ್ ಹಾಲು ಕುಡಿಯುವ ಮನೆಯ ಮಕ್ಕಳಿಗೂ ಹೇಳಬೇಕೆಂದು ಬರೆಯುತ್ತಿದ್ದೇನೆ.

ರಜೆಯಿಲ್ಲದ ಕೆಲಸ

ಬೆಳಿಗ್ಗೆ ಐದಕ್ಕೆ ಎದ್ದು ಸಗಣಿ ಬಾಚಿ, ಕೊಟ್ಟಿಗೆ ತೊಳೆದು, ಕೆಚ್ಚಲು ತೊಳೆದು ಒರೆಸಿ ಹಾಲು ಕರೆಯಬೇಕು. ಡೇರಿ ಬಾಗಿಲು ಹಾಕುವುದರೊಳಗೆ ಕ್ಯಾನು ಅಲ್ಲಿರಬೇಕು. ಸಂಜೆ ಮತ್ತೆ ಅದೇ. ಹಬ್ಬವಿರಲಿ, ಜ್ವರವಿರಲಿ, ತಂಗಿಯ ಮದುವೆಯಿರಲಿ, ಹೊತ್ತು ತಪ್ಪುವಂತಿಲ್ಲ. ಇಷ್ಟು ವರ್ಷದಲ್ಲಿ ನಾನೂ ನಮ್ಮೆಜಮಾನರೂ ಒಟ್ಟಿಗೆ ಒಂದು ರಾತ್ರಿ ಹೊರಗೆ ಉಳಿದದ್ದನ್ನು ಬೆರಳೆಣಿಸಿ ಹೇಳಬಹುದು.

ಮೇವಿನ ಲೆಕ್ಕ ಇನ್ನೂ ದೊಡ್ಡದು. ಕರೆಯುವ ಹಸುವಿಗೆ ದಿನಕ್ಕೆ 25ರಿಂದ 30 ಕಿಲೋ ಹಸಿಹುಲ್ಲು, ಐದಾರು ಕಿಲೋ ಒಣಹುಲ್ಲು ಬೇಕು. ಜೊತೆಗೆ ಹಿಂಡಿ, ಬೂಸಾ. ಬೇಸಿಗೆಯಲ್ಲಿ ಒಂದೊಂದು ಹಸು 70-80 ಲೀಟರ್ ನೀರು ಕುಡಿಯುತ್ತದೆ. ಎರಡಿದ್ದ ಮಾತ್ರಕ್ಕೆ ವರ್ಷಪೂರ್ತಿ ಎರಡೂ ಕರೆಯುತ್ತವೆ ಅಂದುಕೊಳ್ಳಬೇಡಿ. ಈಯುವ ಮುಂಚೆ ಎರಡು ತಿಂಗಳು ಹಾಲು ಬತ್ತಿಸಬೇಕು. ಆಗಲೂ ಹೊಟ್ಟೆಗೆ ಹಾಕಲೇಬೇಕು.

ಇಪ್ಪತ್ತೊಂದು ದಿನದ ಲೆಕ್ಕ

ಲಾಭ ನಷ್ಟ ತೀರ್ಮಾನವಾಗುವುದು ಬಕೆಟ್ಟಿನಲ್ಲಲ್ಲ, ಹಸು ಹೊತ್ತಿಗೆ ಸರಿಯಾಗಿ ಗಬ್ಬ ನಿಲ್ಲುವುದರಲ್ಲಿ. ಬೆದೆಗೆ ಬರುವುದು ಸುಮಾರು 21 ದಿನಕ್ಕೊಮ್ಮೆ. ಒಂದೇ ಸಮ ಕೂಗುತ್ತದೆ, ಮೇವು ಬಿಡುತ್ತದೆ, ಹಿಂದಿನಿಂದ ಗಾಜಿನಂಥ ತಿಳಿಲೋಳೆ ಇಳಿಯುತ್ತದೆ. ಬೆಳಿಗ್ಗೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಇಂಜೆಕ್ಷನ್ ಮಾಡಿಸಬೇಕು. ಕಣ್ತಪ್ಪಿತೋ, ಮತ್ತೆ 21 ದಿನ ಬರೀ ಖರ್ಚು. ಅದಕ್ಕೇ ನಮ್ಮ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಬ್ಬಗಳಿಗಿಂತ ಹಸುಗಳ ಗುರುತೇ ಹೆಚ್ಚು. ಗಬ್ಬ ನಿಂತ ಮೇಲೆ ಒಂಬತ್ತು ತಿಂಗಳು ಹತ್ತು ದಿನದ ಕಾಯುವಿಕೆ.

ಕರು ಹುಟ್ಟಿದ ದಿನ ಮನೆಗೆಲ್ಲ ಸಂಭ್ರಮ. ಕಸ ಬೀಳುವವರೆಗೆ ಕರುವಿಗೆ ಹಾಲು ಬಿಡಬಾರದು ಎನ್ನುವ ರೂಢಿ ಹಲವು ಕಡೆ ಇದೆ, ಅದು ತಪ್ಪು. ಹುಟ್ಟಿದ ಒಂದು ಗಂಟೆಯೊಳಗೆ ಗಿಣ್ಣುಹಾಲು ಕುಡಿದ ಕರುವಿಗೆ ರೋಗ ತಡೆಯುವ ಶಕ್ತಿ ಬರುತ್ತದೆ. ಅದರ ಪಾಲು ಕಳೆದು ಉಳಿದದ್ದರಲ್ಲಿ ಬೆಲ್ಲ, ಏಲಕ್ಕಿ ಹಾಕಿ ಗಿಣ್ಣು ಮಾಡಿ ಅಕ್ಕಪಕ್ಕದ ಮನೆಗೆಲ್ಲ ಹಂಚುತ್ತೇವೆ. ಹುಟ್ಟಿದ್ದು ಗಂಡುಕರುವಾದರೆ ಮಾತ್ರ ಒಳಗೊಳಗೇ ಸಂಕಟ. ಉಳುಮೆಗೆ ಟ್ರ್ಯಾಕ್ಟರ್ ಬಂದ ಮೇಲೆ ಅದನ್ನು ಕೇಳುವವರಿಲ್ಲ.

ರೋಗ ಬಂದಾಗ

2022ರಲ್ಲಿ ಚರ್ಮಗಂಟು ರೋಗ ನಮ್ಮ ಕಡೆಗೂ ಬಂತು. ನಮ್ಮ ಹಿರಿಯ ಹಸು ಗೌರಿಯ ಮೈತುಂಬ ಗಂಟು, ಸುಡುವ ಜ್ವರ, ಊದಿದ ಕಾಲು. ಒಂಬತ್ತು ಲೀಟರ್ ಕೊಡುತ್ತಿದ್ದವಳು ಎರಡಕ್ಕಿಳಿದಳು. ಸೊಳ್ಳೆ, ನೊಣ, ಉಣ್ಣೆಗಳಿಂದ ಹರಡುವ ರೋಗವೆಂದು ಅವಳನ್ನು ಬೇರೆ ಕಟ್ಟಿ, ಬೇವಿನ ಸೊಪ್ಪಿನ ಹೊಗೆ ಹಾಕಿ, ಡಾಕ್ಟರು ಹೇಳಿದಂತೆ ಗಾಯ ತೊಳೆದು ಔಷಧಿ ಹಚ್ಚಿದೆವು. ಮಗಳು ಗಂಜಿಯ ಬಕೆಟ್ಟು ಹಿಡಿದು ಅವಳ ಬಾಯಿಗೆ ಒಡ್ಡುತ್ತಿದ್ದಳು. ಮೂರು ವಾರ ಕಳೆದ ಮೇಲೆ ಗೌರಿ ತಾನಾಗಿ ಒಂದು ಹಿಡಿ ಹುಲ್ಲೆಳೆದಾಗ ಮನೆಯವರಿಗೆಲ್ಲ ಉಸಿರು ಬಂದಂತಾಯಿತು. ಊರಿನಲ್ಲಿ ಎಲ್ಲರಿಗೂ ಆ ಭಾಗ್ಯ ಇರಲಿಲ್ಲ.

ಆರು ತಿಂಗಳಿಗೊಮ್ಮೆ ಕಾಲುಬಾಯಿ ಜ್ವರದ ಲಸಿಕೆ, ನಾಲ್ಕರಿಂದ ಎಂಟು ತಿಂಗಳೊಳಗೆ ಹೆಣ್ಣುಕರುವಿಗೆ ಕಂದುರೋಗದ ಲಸಿಕೆ ಹಾಕಿಸಲೇಬೇಕು. ಕಂದುರೋಗ ಹಸಿಹಾಲಿನಿಂದ ಮನುಷ್ಯರಿಗೂ ಬರುತ್ತದೆ. ಮಕ್ಕಳೇ, ಎಷ್ಟೇ ನೊರೆನೊರೆಯಾಗಿ ಕಂಡರೂ ಹಾಲನ್ನು ಕಾಯಿಸದೆ ಕುಡಿಯಬೇಡಿ.

ಕೈಗೆ ಬಂದದ್ದು

ಹಾಗಾದರೆ ಸಿಕ್ಕಿದ್ದೇನು? ರಾಗಿ ವರ್ಷಕ್ಕೊಮ್ಮೆ ದುಡ್ಡು ಕಾಣಿಸಿದರೆ, ಹಾಲಿನ ಬಟವಾಡೆ ತಿಂಗಳಲ್ಲಿ ಎರಡು ಸಲ ನನ್ನ ಖಾತೆಗೇ ಬೀಳುತ್ತದೆ. ಮಕ್ಕಳ ಶಾಲೆಯ ಫೀಸಿಗೆ ನಾನು ಯಾರ ಮುಂದೆಯೂ ಕೈಯೊಡ್ಡಿಲ್ಲ. ತಿಪ್ಪೆಯ ಗೊಬ್ಬರ ಬಿದ್ದ ಹೊಲದಲ್ಲಿ ಮಳೆ ತಡವಾದರೂ ರಾಗಿ ಪೈರು ಬೇಗ ಬಾಡುವುದಿಲ್ಲ. ಗೊಬ್ಬರದ ಬೆಲೆ ಹಿಡಿಯದೆ ಹಸುವಿನ ಲೆಕ್ಕ ಬರೆದರೆ ಅದು ಲೆಕ್ಕವೇ ಅಲ್ಲ.

ಕಳೆದ ವರ್ಷ ಸಾಲ ಮಾಡಿ ಇನ್ನೆರಡು ಹಸು ತರುವ ಮಾತು ಮನೆಯಲ್ಲಿ ಎದ್ದಿತು. ಹಾಲು ಎರಡರಷ್ಟಾಗುತ್ತದೆ ಎಂದು ಮಗ ಕಾಗದದ ಮೇಲೆ ಬರೆದು ತೋರಿಸಿದ. ನಮ್ಮತ್ತೆ ಕೇಳಿದ್ದು ಒಂದೇ ಮಾತು: "ಹೊಲದಲ್ಲಿ ಹುಲ್ಲಿಲ್ದೆ ಕೊಟ್ಟಿಗೇಲಿ ಹಸ ಕಟ್ಟಿ ಏನ್ ಮಾಡ್ತೀಯಪ್ಪ?" ನಮಗಿರುವುದು ಎರಡೆಕರೆ. ಹುಲ್ಲು, ಹಿಂಡಿ ಎರಡನ್ನೂ ಕೊಂಡು ತಂದರೆ ಹಾಲಿನ ದುಡ್ಡೆಲ್ಲ ಅಂಗಡಿಗೇ ಹೋಗುತ್ತದೆ. ಕಂತು ಕಟ್ಟಲು ಉಳಿಯುವುದೇನು? ಮಗ ಸ್ವಲ್ಪ ಹೊತ್ತು ಸುಮ್ಮನಿದ್ದು ಕಾಗದ ಮಡಚಿಟ್ಟ.

ಸಾಲ ತರಲಿಲ್ಲ. ಅದರ ಬದಲು ಬದುವಿನುದ್ದಕ್ಕೂ ನೇಪಿಯರ್ ಹುಲ್ಲಿನ ಕಡ್ಡಿ ನೆಟ್ಟಿದ್ದೇವೆ. ಗೌರಿಯ ಹೆಣ್ಣುಕರುವಿಗೆ ಈಗ ಹತ್ತು ತಿಂಗಳು. ಅದು ಚೊಚ್ಚಲು ಈಯಲು ಇನ್ನೂ ಒಂದೂವರೆ ವರ್ಷವಾದರೂ ಬೇಕು. ಅಷ್ಟರಲ್ಲಿ ಬದುವಿನ ಹುಲ್ಲೂ ಬಲಿತಿರುತ್ತದೆ. ನಮ್ಮ ಮೂರನೆಯ ಹಸು ಅದೇ.